ಶನಿವಾರದ ಟಿಕೆಟ್, ಭಾನುವಾರದ ನಾಟಕ

ಮೇ ತಿಂಗಳ ಒಂದು ಶನಿವಾರ, ಬೆಳಗ್ಗೆ 10:40. ರಂಗಮಂದಿರದ ಮ್ಯಾನೇಜರ್ ಫೋನ್ ಮಾಡಿದರು. ‘ಸಾರ್, ರಾತ್ರಿ ಮಳೆಗೆ ಕರೆಂಟ್ ಪ್ಯಾನಲ್‌ಗೆ ನೀರು ಹೋಗ್ಬಿಟ್ಟಿದೆ. ಇವತ್ತು ಆಗಲ್ಲ. ನಾಳೆ ಬೆಳಗ್ಗೆ ಹೊತ್ತಿಗೆ ಸರಿ ಮಾಡ್ಕೊಡ್ತಾರಂತೆ.’ ಬೆಂಗಳೂರಿನ ಮೇ ಮಳೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಆದರೆ ಅಂದು ಸಂಜೆ 7ರ ನಾಟಕಕ್ಕೆ 186 ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದರು.

ನಮ್ಮದು ಸಣ್ಣ ತಂಡ. ಟಿಕೆಟ್ ಕೆಲಸ ನನ್ನದು. ನಟನೆ ಬರುವುದಿಲ್ಲ, ಲೈಟಿಂಗ್ ಗೊತ್ತಿಲ್ಲ, ಕಂಪ್ಯೂಟರ್ ಮುಂದೆ ಕೂರುತ್ತೇನೆ ಅಂತ ಈ ಕೆಲಸ ನನ್ನ ಪಾಲಿಗೆ ಬಂತು. ಅವತ್ತಿನಿಂದ ಸೋಮವಾರದವರೆಗೆ ನಡೆದದ್ದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಬೇರೆ ತಂಡದವರು ಆಗಾಗ ‘ಶೋ ಕ್ಯಾನ್ಸಲ್ ಆದ್ರೆ ಏನ್ ಮಾಡ್ತೀರಿ’ ಎಂದು ಕೇಳುತ್ತಾರೆ. ‘ಇನ್ನೊಂದು ದಿನಕ್ಕೆ ಹಾಕ್ತೀವಿ’ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆ ‘ಹಾಕೋದು’ ಅಷ್ಟು ಸಲೀಸಲ್ಲ.

ಮೊದಲು ಇದ್ದ ಲೆಕ್ಕ

ಆ ವಾರಾಂತ್ಯ ಒಂದೇ ನಾಟಕದ ಮೂರು ಪ್ರದರ್ಶನ ಇಟ್ಟುಕೊಂಡಿದ್ದೆವು. ಶನಿವಾರ ಸಂಜೆ 7, ಟಿಕೆಟ್ 300 ರೂಪಾಯಿ. ಭಾನುವಾರ ಮಧ್ಯಾಹ್ನ 3:30, ಅದೂ 300. ಭಾನುವಾರ ಸಂಜೆ 7ರದ್ದು ಮಾತ್ರ ಬೇರೆ ತರಹ: ನಾಟಕ, ಆಮೇಲೆ ನಟರ ಜೊತೆ ಮಾತುಕತೆ, ಅಂಗಳದಲ್ಲಿ ಊಟ, ಎಲ್ಲ ಸೇರಿ 600 ರೂಪಾಯಿ. ಸಭಾಂಗಣದಲ್ಲಿ 220 ಸೀಟು. ಊಟದ ಪ್ರದರ್ಶನಕ್ಕೆ ಮಾತ್ರ 120 ಟಿಕೆಟ್ ಇಟ್ಟಿದ್ದೆವು. ಅಡುಗೆ ಭಟ್ಟರು ಅದಕ್ಕಿಂತ ಜಾಸ್ತಿ ಎಲೆ ಹಾಕಲು ಅಲ್ಲಿ ಜಾಗ ಇಲ್ಲ ಎಂದಿದ್ದರು.

ಶನಿವಾರದ 186 ಟಿಕೆಟ್ 81 ಆರ್ಡರ್‌ಗಳಲ್ಲಿ ಹೋಗಿದ್ದವು. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವೇ ಮುಂದೆ ನಮ್ಮನ್ನು ಕಾಡಿದ್ದು. ಬುಕ್ ಮಾಡಿದವರು 81 ಜನ. ಬರುವವರು 186. ಸಾಫ್ಟ್‌ವೇರ್‌ಗೆ ಪರಿಚಯ ಇರುವುದು 81 ಜನರದ್ದು ಮಾತ್ರ. ಉಳಿದ 105 ಜನ ಅದರ ಕಣ್ಣಿಗೆ ಬರೀ ಒಂದೊಂದು ಸಾಲು.

ನಾವು ಬಳಸುವುದು ಪ್ರಿಟಿಕ್ಸ್. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಹುಟ್ಟಿದ, ಟಿಕೆಟ್ ಮಾರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ನಮ್ಮ ಸರ್ವರ್‌ನಲ್ಲೇ ಹಾಕಿಕೊಂಡಿದ್ದೇವೆ. ದುಡ್ಡು ಬರುವುದು ಒಂದು ಪೇಮೆಂಟ್ ಗೇಟ್‌ವೇ ಮೂಲಕ. ಅದನ್ನು ಇದಕ್ಕೆ ಜೋಡಿಸುವ ಪ್ಲಗಿನ್ ಗೆಳೆಯರೊಬ್ಬರು ಬರೆದುಕೊಟ್ಟಿದ್ದಾರೆ. ಇದರಲ್ಲಿ ಒಂದೇ ಕಾರ್ಯಕ್ರಮ ಹಲವು ದಿನ ಇದ್ದರೆ ಅದನ್ನು ಒಂದು ಸರಣಿ ಮಾಡಿ, ಅದರೊಳಗೆ ಒಂದೊಂದು ದಿನಾಂಕ ಸೇರಿಸಬಹುದು. ಶನಿವಾರದ್ದು ಮತ್ತು ಭಾನುವಾರ ಮಧ್ಯಾಹ್ನದ್ದು ಹಾಗೆ ಒಂದೇ ಸರಣಿಯಲ್ಲಿದ್ದವು. ಊಟದ ಪ್ರದರ್ಶನವನ್ನು ನಾನು ಪೂರ್ತಿ ಬೇರೆ ಕಾರ್ಯಕ್ರಮ ಅಂತ ಮಾಡಿದ್ದೆ. ಬೆಲೆ ಬೇರೆ, ಪೋಸ್ಟರ್ ಬೇರೆ, ಊಟದ ಬಗ್ಗೆ ಕೇಳುವ ಪ್ರಶ್ನೆ ಬೇರೆ. ಬೇರೆ ಮಾಡಿದರೆ ಐದು ನಿಮಿಷ ಉಳಿಯುತ್ತೆ ಅನ್ನಿಸಿತ್ತು. ಆ ಐದು ನಿಮಿಷದ ಬಡ್ಡಿ ಎಷ್ಟಾಯಿತು ಎಂದು ಆಮೇಲೆ ಹೇಳುತ್ತೇನೆ.

ನಲವತ್ತು ನಿಮಿಷದ ತಪ್ಪು

ಫೋನ್ ಬಂದ ತಕ್ಷಣ ನಾವು ಮಾಡಿದ್ದು ಚರ್ಚೆ. ನಿರ್ದೇಶಕರು, ನಾನು, ತಂಡದ ಲೆಕ್ಕ ನೋಡುವ ಅಕ್ಕ, ಮೂವರೂ ಕಾನ್ಫರೆನ್ಸ್ ಕಾಲ್‌ನಲ್ಲಿ. ಎಲ್ಲರಿಗೂ ದುಡ್ಡು ವಾಪಸ್ ಕೊಡೋಣವಾ? ಎಲ್ಲರನ್ನೂ ಮಧ್ಯಾಹ್ನಕ್ಕೆ ಹಾಕಿಬಿಡೋಣವಾ? ಬೇರೆ ಸಭಾಂಗಣ ಸಿಗುತ್ತಾ? ಶನಿವಾರ ಬೆಳಗ್ಗೆ ಹುಡುಕಿದರೆ ಅದೇ ದಿನ ಸಂಜೆಗೆ ಬೆಂಗಳೂರಿನಲ್ಲಿ ಸಭಾಂಗಣ ಎಲ್ಲಿ ಸಿಗುತ್ತೆ? ಅದನ್ನು ಕೈಬಿಟ್ಟೆವು.

ನಾವು ಹೀಗೆ ಮಾತಾಡುತ್ತಿದ್ದ 40 ನಿಮಿಷ ಭಾನುವಾರ ಮಧ್ಯಾಹ್ನದ ಟಿಕೆಟ್ ಮಾರಾಟ ನಡೆಯುತ್ತಲೇ ಇತ್ತು. 86 ಇದ್ದದ್ದು 97 ಆಯಿತು. ನಾವು ನೀರು ತುಂಬಿಸಬೇಕಾದ ಕೊಡವನ್ನು ಇನ್ಯಾರೋ ತುಂಬಿಸುತ್ತಿದ್ದರು. 220 ಸೀಟಿನ ಸಭಾಂಗಣದಲ್ಲಿ 11 ದೊಡ್ಡದಲ್ಲ ಅನ್ನಿಸಬಹುದು. ಆದರೆ ಆ ಹೊತ್ತಿಗೆ 186 ಜನರಲ್ಲಿ ಎಷ್ಟು ಮಂದಿ ಮಧ್ಯಾಹ್ನ ಬೇಕು ಅನ್ನುತ್ತಾರೋ ನಮಗೆ ಅಂದಾಜೇ ಇರಲಿಲ್ಲ. ಈಗ ಶೋ ಕ್ಯಾನ್ಸಲ್ ಆದರೆ ಮಾಡಬೇಕಾದ ಕೆಲಸಗಳ ನಮ್ಮ ಪಟ್ಟಿಯಲ್ಲಿ ಮೊದಲ ಸಾಲು ಇದೇ: ಯಾವ ಕಡೆಗೆ ಜನರನ್ನು ಸಾಗಿಸಬೇಕೋ ಆ ಕಡೆಯ ಬಾಗಿಲು ಮೊದಲು ಮುಚ್ಚು, ಆಮೇಲೆ ಮಾತಾಡು. ಪ್ರಿಟಿಕ್ಸ್‌ನಲ್ಲಿ ಕೋಟಾ ಅಂತ ಇದೆ, ಎಷ್ಟು ಟಿಕೆಟ್ ಮಾರಬಹುದು ಎನ್ನುವ ಮಿತಿ. ಅದನ್ನು ಈಗ ಮಾರಿರುವಷ್ಟಕ್ಕೇ ಇಳಿಸಿದರೆ ಹೊರಗಿನವರಿಗೆ ‘ಟಿಕೆಟ್ ಮುಗಿದಿದೆ’ ಎಂದು ಕಾಣುತ್ತದೆ. ಹತ್ತು ಸೆಕೆಂಡಿನ ಕೆಲಸ.

ಲೆಕ್ಕ ಹಾಕಿದರೆ ಮಧ್ಯಾಹ್ನ ಉಳಿದದ್ದು 123 ಸೀಟು. ಊಟದ ಪ್ರದರ್ಶನದಲ್ಲಿ 88 ಮಾರಿದ್ದೆವು, ಉಳಿದದ್ದು 32. ಒಟ್ಟು 155. ಬೇಕಾದದ್ದು 186. ಮೂವತ್ತೊಂದು ಕಮ್ಮಿ.

ಇಲ್ಲಿ ಲೆಕ್ಕದ ಅಕ್ಕ ಒಂದು ಮಾತು ಹೇಳಿದರು, ಅದೇ ನಮ್ಮನ್ನು ಉಳಿಸಿತು. ‘ಊಟಕ್ಕೆ ತಾನೇ 120 ಮಿತಿ? ಸೀಟು 220 ಇದೆಯಲ್ಲ. ಊಟ ಬೇಡ ಅನ್ನೋರನ್ನ ಬರೀ ನಾಟಕಕ್ಕೆ ಕೂರಿಸೋಕೆ ಏನು ಕಷ್ಟ?’ ಕಷ್ಟ ಏನೂ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ 120 ಎಂದು ಬರೆದಿಟ್ಟ ಮೇಲೆ ನನ್ನ ತಲೆಯಲ್ಲೂ ಆ ಸಭಾಂಗಣದಲ್ಲಿ 120 ಸೀಟೇ ಇತ್ತು, ಅಷ್ಟೆ. ಸಂಜೆಯ ಪ್ರದರ್ಶನದಲ್ಲಿ ‘ಊಟ ಇಲ್ಲದೆ’ ಎನ್ನುವ ಹೊಸ ಟಿಕೆಟ್ ಮಾಡಿದೆವು, ಬೆಲೆ 300. ವೋಚರ್ ಕೋಡ್ ಇದ್ದವರಿಗೆ ಮಾತ್ರ ಕಾಣುವ ಹಾಗೆ ಬಚ್ಚಿಟ್ಟೆವು. ಇಲ್ಲದಿದ್ದರೆ 600 ಕೊಟ್ಟವರು ನೋಡಿ ‘ನಮಗ್ಯಾಕೆ ಹೇಳಲಿಲ್ಲ’ ಎಂದು ಕೇಳುತ್ತಾರಲ್ವಾ?

‘2’ ಅಂದರೆ ಎಷ್ಟು?

81 ಜನರಿಗೂ ವಾಟ್ಸಾಪ್ ಕಳಿಸಲು ನಿರ್ಧಾರವಾಯಿತು. ಇಮೇಲ್ ಕೂಡ ಕಳಿಸಿದೆವು, ಆದರೆ ಶನಿವಾರ ಮಧ್ಯಾಹ್ನ ಯಾರು ಇಮೇಲ್ ನೋಡುತ್ತಾರೆ? ನಾನು ಬರೆದ ಮೊದಲ ಮೆಸೇಜ್ ಹೀಗಿತ್ತು:

‘ನಮಸ್ಕಾರ. ಇಂದು ಸಂಜೆ 7ರ ನಾಟಕ ನಡೆಯುವುದಿಲ್ಲ. ರಂಗಮಂದಿರದ ಕರೆಂಟ್ ಪ್ಯಾನಲ್‌ಗೆ ಮಳೆ ನೀರು ಹೋಗಿದೆ. ಕ್ಷಮಿಸಿ. ನಿಮ್ಮ ಆಯ್ಕೆ ತಿಳಿಸಿ. 1. ನಾಳೆ ಮಧ್ಯಾಹ್ನ 3:30. 2. ನಾಳೆ ಸಂಜೆ 7, ಊಟ ಇಲ್ಲದೆ. 3. ನಾಳೆ ಸಂಜೆ 7, ಊಟದ ಜೊತೆ, ತಲಾ 300 ರೂಪಾಯಿ ಜಾಸ್ತಿ. 4. ಪೂರ್ತಿ ಹಣ ವಾಪಸ್.’

ಹತ್ತು ನಿಮಿಷದಲ್ಲಿ ಉತ್ತರ ಬರತೊಡಗಿದವು. ‘1’. ‘ಓಕೆ 1’. ‘2’. ‘2 ಸಾರ್’. ‘3 ಜನ’. ನಾಲ್ಕು ಟಿಕೆಟ್ ತಗೊಂಡವರೊಬ್ಬರು ಬರೆದಿದ್ದು ಬರೀ ‘2’. ಎರಡನೇ ಆಯ್ಕೆಯಾ, ಇಬ್ಬರು ಬರುತ್ತಾರೆ ಅಂತಾನಾ? ಫೋನ್ ಮಾಡಿ ಕೇಳಿದೆ. ‘ಇಬ್ಬರು ಬರ್ತೀವಿ ಮಧ್ಯಾಹ್ನಕ್ಕೆ, ಇನ್ನಿಬ್ಬರದು ದುಡ್ಡು ಕೊಟ್ಬಿಡಿ.’ ನಾನು ಅವರ ನಾಲ್ವರನ್ನೂ ಸಂಜೆಗೆ ಹಾಕುವುದರಲ್ಲಿದ್ದೆ.

ಆಗ ಮೆಸೇಜ್ ಬದಲಿಸಿದೆ. ಅಂಕಿ ತೆಗೆದು ಅ, ಆ, ಇ, ಈ ಹಾಕಿದೆ. ಕೊನೆಗೆ ಒಂದು ಸಾಲು ಸೇರಿಸಿದೆ: ‘ಯಾವುದಕ್ಕೆ ಎಷ್ಟು ಜನ ಎಂದು ಬರೆಯಿರಿ. ಉದಾಹರಣೆಗೆ: ಅ 3, ಈ 1. ನಿಮ್ಮ ಜೊತೆ ಬರುವವರಿಗೂ ದಯವಿಟ್ಟು ಈಗಲೇ ತಿಳಿಸಿ.’ ಅಷ್ಟೊತ್ತಿಗೆ 23 ಜನರಿಗೆ ಹಳೆಯ ಮೆಸೇಜ್ ಹೋಗಿಬಿಟ್ಟಿತ್ತು. ಅವರಿಗೆಲ್ಲ ಇನ್ನೊಂದು ಸಲ ಕಳಿಸಿ, ಸಾರಿ ಕೇಳಿ, ಮತ್ತೆ ಉತ್ತರ ತರಿಸಿಕೊಂಡಿದ್ದಾಯಿತು. ಹೊಸ ಮೆಸೇಜ್‌ಗೆ ಬಂದ ಉತ್ತರಗಳಲ್ಲಿ ಗೊಂದಲ ಬಹುತೇಕ ಇರಲಿಲ್ಲ. ‘ಅ 2, ಇ 2’, ‘ಆ 5’, ‘ಈ ಎಲ್ಲಾ’. ಅಂದಹಾಗೆ, ಮೊದಲು ಫೋನ್ ಮಾಡಿ ‘ನಮ್ಮದೇನು ಕಥೆ’ ಎಂದು ಕೇಳಿದವರು ಪಾಸಿನವರು. ನಟರ ಮನೆಯವರಿಗೆ ಕೊಟ್ಟ 14 ಫ್ರೀ ಪಾಸ್ ಈ 186ರಲ್ಲಿ ಸೇರಿಲ್ಲ. ಅವರನ್ನು ಕೊನೆಯಲ್ಲಿ ನೋಡೋಣ ಎಂದು ಪಕ್ಕಕ್ಕಿಟ್ಟೆ.

ಸಂಜೆ 6ರ ಹೊತ್ತಿಗೆ 68 ಆರ್ಡರ್‌ನವರು ಉತ್ತರ ಕೊಟ್ಟಿದ್ದರು. 13 ಬಾಕಿ. ನಿರ್ದೇಶಕರು ‘ಅವರನ್ನ ಮಧ್ಯಾಹ್ನಕ್ಕೆ ಹಾಕ್ಬಿಡು, ಬಂದ್ರೆ ಬರ್ತಾರೆ’ ಎಂದರು. ನಾನು ಒಪ್ಪಲಿಲ್ಲ. ಉತ್ತರ ಕೊಡದವರನ್ನು ಕೇಳದೇ ಸಾಗಿಸಿದರೆ, ನಾಳೆ ಅವರು ಬರದಿದ್ದಾಗ ‘ಬರಲಿಲ್ಲ, ಅದಕ್ಕೆ ಹಣ ಇಲ್ಲ’ ಎನ್ನುವ ಜಾಗಕ್ಕೆ ನಾವೇ ಬಂದು ನಿಲ್ಲುತ್ತೇವೆ. ‘ಕೊಂಡ ಟಿಕೆಟ್‌ಗೆ ಹಣ ವಾಪಸ್ ಇಲ್ಲ’ ಎಂದು ನಾವೂ ಬರೆದಿರುತ್ತೇವೆ, ನಿಜ. ಅದು ಅವರಿಗೆ ಬರಲಾಗದಿದ್ದರೆ. ಇಲ್ಲಿ ನಾಟಕ ಆಡದೇ ಇದ್ದದ್ದು ನಾವು. ಹಾಗಾಗಿ ಆ 13 ಆರ್ಡರ್‌ಗಳ ಸೀಟನ್ನು ಮಧ್ಯಾಹ್ನದಲ್ಲಿ ಖಾಲಿ ಹಿಡಿದಿಟ್ಟು, ಟಿಕೆಟ್ ಮುಟ್ಟದೇ ಬಿಟ್ಟು, ಒಬ್ಬೊಬ್ಬರಿಗೆ ಫೋನ್ ಮಾಡಿದೆವು. ರಾತ್ರಿ 9ಕ್ಕೆ ಮೂರು ಆರ್ಡರ್ ಉಳಿದವು, ಐದು ಜನ. ಅವರಲ್ಲಿ ಇಬ್ಬರು ಭಾನುವಾರ ಮಧ್ಯಾಹ್ನ ತಾವಾಗಿ ಬಂದರು. ಉಳಿದ ಮೂವರ ಹಣ ಸೋಮವಾರ ವಾಪಸ್ ಹೋಯಿತು.

ಗೇಟಿನ ಹತ್ತಿರ ಒಂಬತ್ತು ಜನ

ಇಷ್ಟೆಲ್ಲ ಮಾಡಿದರೂ ಶನಿವಾರ ಸಂಜೆ ಯಾರಾದರೂ ಬಂದೇ ಬರುತ್ತಾರೆ ಎಂದು ನಾನೂ ಇನ್ನೊಬ್ಬ ಹುಡುಗನೂ ರಂಗಮಂದಿರದ ಗೇಟಿನಲ್ಲಿ ನಿಂತಿದ್ದೆವು. ಲ್ಯಾಪ್‌ಟಾಪ್ ಸ್ಕೂಟರ್ ಸೀಟಿನ ಮೇಲೆ. ಒಂಬತ್ತು ಜನ ಬಂದರು. ಒಂಬತ್ತರಲ್ಲಿ ಒಬ್ಬರೂ ಟಿಕೆಟ್ ಬುಕ್ ಮಾಡಿದವರಲ್ಲ. ಐದು ಜನ ಒಂದೇ ಆಫೀಸಿನ ಗೆಳೆಯರು. ಅವರ ಪರವಾಗಿ ಬುಕ್ ಮಾಡಿದಾಕೆ ಮಧ್ಯಾಹ್ನವೇ ‘ಅ 6’ ಎಂದು ನಮಗೆ ಉತ್ತರಿಸಿದ್ದಳು. ಇವರಿಗೆ ಹೇಳಲು ಮರೆತಿದ್ದಳು.

ಉಳಿದ ನಾಲ್ವರು ಆಟೋದಲ್ಲಿ ಬಂದ ಎರಡು ಜೋಡಿ ಹಿರಿಯ ದಂಪತಿಗಳು. ಒಬ್ಬ ಯಜಮಾನರು ಜೇಬಿನಿಂದ ಮಡಚಿದ ಪ್ರಿಂಟ್ ತೆಗೆದರು. ಟಿಕೆಟ್ ಬುಕ್ ಮಾಡಿದ್ದು ಅವರ ಮಗ, ನ್ಯೂಜೆರ್ಸಿಯಲ್ಲಿ ಇರುವವನು. ಮೈಸೂರಿನ ಅಪ್ಪ-ಅಮ್ಮ ಬೆಂಗಳೂರಿಗೆ ಬಂದಾಗ ರಾಜಾಜಿನಗರದ ದೊಡ್ಡಮ್ಮನ ಮನೆಯವರ ಜೊತೆ ನಾಟಕ ನೋಡಲಿ ಎಂದು ಏಳು ಟಿಕೆಟ್ ತೆಗೆದಿದ್ದ. ನಮ್ಮ ಮೆಸೇಜ್ ಅವನಿಗೆ ಹೋದದ್ದು ಇಲ್ಲಿಯ 11:52ಕ್ಕೆ. ಅಲ್ಲಿ ಆಗ ನಡುರಾತ್ರಿ ಎರಡು ಗಂಟೆ ದಾಟಿತ್ತು. ಅವನು ಎದ್ದು ನೋಡಿ, ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡುವಷ್ಟರಲ್ಲಿ ಫೋನು ಅಮ್ಮನ ಬ್ಯಾಗಿನೊಳಗೆ, ಬ್ಯಾಗು ಆಟೋದಲ್ಲಿ.

‘ಮಗ ಟಿಕೆಟ್ ಕಳಿಸಿದ, ಬಂದ್ವಿ. ನಮಗೇನಪ್ಪ ಗೊತ್ತು?’ ಎಂದರು ಯಜಮಾನರು. ಕೋಪ ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಎದುರಿನ ಅಂಗಡಿಯಿಂದ ಕಾಫಿ ತರಿಸಿದೆವು.

ಈ ಒಂದು ಆರ್ಡರ್ ಪೂರ್ತಿ ಪ್ರಕರಣದ ಸಣ್ಣ ಪ್ರತಿ ಇದ್ದಂತೆ. ಯಜಮಾನರು, ಅವರ ಹೆಂಡತಿ, ದೊಡ್ಡಮ್ಮ, ದೊಡ್ಡಪ್ಪ, ಈ ನಾಲ್ವರು ಭಾನುವಾರ ಮಧ್ಯಾಹ್ನ ಬರುತ್ತಾರೆ, ರಾತ್ರಿ ಮೈಸೂರಿಗೆ ವಾಪಸ್ ಹೋಗಬೇಕು. ದೊಡ್ಡಮ್ಮನ ಮಗಳು-ಅಳಿಯ ಮಧ್ಯಾಹ್ನ ಬರಲಾಗಲ್ಲ, ಸಂಜೆ ಊಟದ ಜೊತೆ ಬರುತ್ತಾರೆ. ಆ ಮಗಳ ಅತ್ತೆ ಬರುವುದೇ ಇಲ್ಲ. ಅಂದರೆ ಒಂದೇ ಆರ್ಡರ್‌ನಲ್ಲಿ ನಾಲ್ಕು ಟಿಕೆಟ್‌ಗೆ ದಿನಾಂಕ ಬದಲು, ಎರಡು ಟಿಕೆಟ್ ರದ್ದಾಗಿ ಬೇರೆ ಕಾರ್ಯಕ್ರಮದಲ್ಲಿ ಹೊಸದು, ಒಂದಕ್ಕೆ ಹಣ ವಾಪಸ್. ವಾಪಸ್ ಹೋಗುವ 300 ರೂಪಾಯಿ ಅತ್ತೆಗೆ ಸಿಗುವುದಿಲ್ಲ. ದುಡ್ಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಮಗನ ಕಾರ್ಡಿಗೆ. ಊಟದ ಹೆಚ್ಚಿನ 600 ರೂಪಾಯಿಯನ್ನು ಅಳಿಯ ರಾಜಾಜಿನಗರದಿಂದ ಯುಪಿಐ ಮಾಡಿದರು. ಒಂದು ಆರ್ಡರ್, ಎರಡು ದೇಶ, ಮೂರು ಮನೆ. ಸ್ಕೂಟರ್ ಮೇಲೆ ಅದನ್ನು ಮುಗಿಸಲು 25 ನಿಮಿಷ ಹಿಡಿಯಿತು.

ಎರಡು ದಾರಿ

ಒಂದೇ ಸರಣಿಯೊಳಗೆ ದಿನಾಂಕ ಬದಲಿಸುವುದು ಸುಲಭ. ಆರ್ಡರ್ ತೆರೆದು, ಟಿಕೆಟ್‌ನ ದಿನಾಂಕ ಬದಲಿಸಿ, ಸೇವ್ ಮಾಡಿದರೆ ಮುಗಿಯಿತು. ಹಣ ಇದ್ದಲ್ಲೇ ಇರುತ್ತದೆ, ಆರ್ಡರ್ ನಂಬರ್ ಅದೇ. ಮಧ್ಯಾಹ್ನಕ್ಕೆ ಹೋದ 94 ಜನರ ಕೆಲಸ ಅರ್ಧ ಗಂಟೆಯಲ್ಲಿ ಆಯಿತು. ಹಳೆಯ ಕ್ಯೂಆರ್ ಕೋಡ್ ಕೂಡ ಹಾಗೇ ಉಳಿಯಿತು. ಕಾಗದದ ಮೇಲೆ ‘ಶನಿವಾರ’ ಎಂದೇ ಇದ್ದರೂ ಸ್ಕ್ಯಾನ್ ಮಾಡಿದರೆ ಭಾನುವಾರಕ್ಕೆ ಹಸಿರು. ಬೇಕಿದ್ದರೆ ಹೊಸ ಕೋಡ್ ಹುಟ್ಟಿಸಬಹುದಿತ್ತು. ಬೇಡ ಎಂದೆ. ಟಿಕೆಟ್‌ನ ಪಿಡಿಎಫ್ ಆಗಲೇ ಅತ್ತೆ, ಚಿಕ್ಕಪ್ಪ, ಗೆಳೆಯರ ವಾಟ್ಸಾಪ್‌ಗಳಿಗೆ ಹೋಗಿರುತ್ತೆ. ಹೊಸದು ಅವರ ತನಕ ತಲುಪುತ್ತೆ ಅನ್ನುವ ನಂಬಿಕೆ ನನಗಿರಲಿಲ್ಲ.

ಒಂದು ಎಡವಟ್ಟು ಮಾತ್ರ ಆಯಿತು. ಬದಲಾವಣೆ ಸೇವ್ ಮಾಡುವಾಗ ‘ಗ್ರಾಹಕರಿಗೆ ಇಮೇಲ್ ಕಳಿಸು’ ಎನ್ನುವ ಟಿಕ್ ಇರುತ್ತದೆ. ಮೊದಲ ಇಪ್ಪತ್ತು ಆರ್ಡರ್‌ಗಳಲ್ಲಿ ಅದನ್ನು ನೋಡಲೇ ಇಲ್ಲ. ಮನಸ್ಸು ಬದಲಿಸಿದವರಿಗೆ ಎರಡು, ಮೂರು ಮೇಲ್ ಹೋದವು, ಅದೂ ಇಂಗ್ಲಿಷಿನಲ್ಲಿ.

ಬೇರೆ ಕಾರ್ಯಕ್ರಮಕ್ಕೆ ಸಾಗಿಸುವುದು ಇನ್ನೊಂದೇ ಕಥೆ. ಅಲ್ಲಿ ಟಿಕೆಟ್ ಸಾಗುವುದಿಲ್ಲ. ಇಲ್ಲಿ ರದ್ದು ಮಾಡಬೇಕು, ಅಲ್ಲಿ ಹೊಸದಾಗಿ ಹುಟ್ಟಿಸಬೇಕು, ನಡುವೆ ದುಡ್ಡು ಕಳೆದುಹೋಗದ ಹಾಗೆ ನೋಡಿಕೊಳ್ಳಬೇಕು. ಆ ಸೇತುವೆಗೆ ನಾವು ಬಳಸಿದ್ದು ಗಿಫ್ಟ್ ಕಾರ್ಡ್. ಪ್ರಿಟಿಕ್ಸ್‌ನಲ್ಲಿ ಗಿಫ್ಟ್ ಕಾರ್ಡ್ ಸೇರಿರುವುದು ಆಯೋಜಕರಿಗೆ, ಒಂದು ಕಾರ್ಯಕ್ರಮಕ್ಕಲ್ಲ. ಹಾಗಾಗಿ ಶನಿವಾರದ ಆರ್ಡರ್ ರದ್ದು ಮಾಡಿ, ಹಣವನ್ನು ಗಿಫ್ಟ್ ಕಾರ್ಡ್‌ಗೆ ಹಾಕಿ, ಅದೇ ಕಾರ್ಡ್‌ನಿಂದ ಭಾನುವಾರ ಸಂಜೆಯ ಟಿಕೆಟ್ ತೆಗೆಯಬಹುದು. ಬಚ್ಚಿಟ್ಟ ಟಿಕೆಟ್ ಕಾಣಲು ವೋಚರ್, ಹಣಕ್ಕೆ ಗಿಫ್ಟ್ ಕಾರ್ಡ್, ಎರಡೆರಡು ಕೋಡ್. ಅದನ್ನು ಜನರ ಕೈಗೆ ಕೊಟ್ಟು ‘ನೀವೇ ಮಾಡಿಕೊಳ್ಳಿ’ ಅನ್ನುವುದು ನ್ಯಾಯ ಅಲ್ಲ. ಎಲ್ಲವನ್ನೂ ನಾವೇ ಕೂತು ತುಂಬಿದೆವು. ಒಂದು ಆರ್ಡರ್‌ಗೆ ನಾಲ್ಕು ನಿಮಿಷದಂತೆ 26 ಆರ್ಡರ್. ಹೆಚ್ಚುಕಮ್ಮಿ ಎರಡು ಗಂಟೆ. ಮಾರ್ಚ್‌ನಲ್ಲಿ ಉಳಿಸಿದ ಐದು ನಿಮಿಷದ ಬಡ್ಡಿ ಇದು. ಊಟದ ಪ್ರದರ್ಶನವನ್ನೂ ಅದೇ ಸರಣಿಯಲ್ಲಿ ಒಂದು ದಿನಾಂಕ ಮಾಡಿ, ‘ಊಟದ ಜೊತೆ’, ‘ಊಟ ಇಲ್ಲದೆ’ ಎಂದು ಎರಡು ಬಗೆಯ ಟಿಕೆಟ್ ಇಟ್ಟಿದ್ದರೆ ಇಷ್ಟು ರಾದ್ಧಾಂತ ಇರಲಿಲ್ಲ. ಸಾಫ್ಟ್‌ವೇರ್‌ನ ತಪ್ಪಲ್ಲ, ನನ್ನದು.

ಇದೇ ಗಿಫ್ಟ್ ಕಾರ್ಡನ್ನು ಎಲ್ಲರಿಗೂ ಕೊಟ್ಟು ‘ಮುಂದಿನ ನಾಟಕಕ್ಕೆ ಬಳಸಿಕೊಳ್ಳಿ’ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಕೇಳಿದವರಿಗೆ ಕೊಡಲಿ, ತಪ್ಪಿಲ್ಲ. ಕೇಳದೇ ಕೊಡುವುದು ಅವರ ದುಡ್ಡನ್ನು ನಾವು ಇಟ್ಟುಕೊಂಡ ಹಾಗೆ.

300 ಜಾಸ್ತಿ, ಉಳಿದದ್ದು 21

ಊಟದ ಜೊತೆ ಬೇಕು ಎಂದವರು 18 ಜನ. ತಲಾ 300 ಹೆಚ್ಚು ಕೊಟ್ಟರು. ನಿರ್ದೇಶಕರು ‘ಪರವಾಗಿಲ್ಲ, ಕ್ಯಾನ್ಸಲ್ ಆದ್ರೂ ಒಂದಿಷ್ಟು ಬಂತು’ ಎಂದು ಖುಷಿಪಟ್ಟರು. ಆಡಿಟರ್ ಆ ಖುಷಿ ಇಳಿಸಿದರು.

ನಾಟಕ, ನೃತ್ಯ, ಸಂಗೀತ ಕಛೇರಿಯಂಥವಕ್ಕೆ ಒಬ್ಬರಿಗೆ 500 ರೂಪಾಯಿವರೆಗಿನ ಟಿಕೆಟ್ ಮೇಲೆ ಜಿಎಸ್‌ಟಿ ಇಲ್ಲ. 2018ರ ಜನವರಿವರೆಗೆ ಈ ಮಿತಿ 250 ಇತ್ತು, ಆಮೇಲೆ 500 ಆಯಿತು. 500 ದಾಟಿದರೆ ಶೇಕಡಾ 18. ಅದೂ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಟಿಕೆಟ್‌ಗೆ. ನಮ್ಮ ತಂಡ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡಿದೆ. ಅಂದರೆ 300 ರೂಪಾಯಿ ಟಿಕೆಟ್‌ನವರು 600ರದ್ದಕ್ಕೆ ಬಂದಾಗ ತೆರಿಗೆ ಹೆಚ್ಚಿನ 300ಕ್ಕಷ್ಟೇ ಅಲ್ಲ. ತೆರಿಗೆಯೇ ಇಲ್ಲದ ಟಿಕೆಟ್ ಹೋಗಿ ತೆರಿಗೆ ಇರುವ ಟಿಕೆಟ್ ಬಂತು. 600ರಲ್ಲಿ ತೆರಿಗೆ 91 ರೂಪಾಯಿ 53 ಪೈಸೆ.

ಒಬ್ಬರ ಲೆಕ್ಕ ನೋಡಿ. ಹೆಚ್ಚು ಬಂದದ್ದು 300. ತೆರಿಗೆ ತೆಗೆದರೆ 208.47. ಭಟ್ಟರಿಗೆ ಎಲೆಗೆ 180. ಗೇಟ್‌ವೇ ಶೇಕಡಾ 2 ಹಿಡಿಯುತ್ತೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 300ಕ್ಕೆ 7.08. ಉಳಿದದ್ದು 21 ರೂಪಾಯಿ 39 ಪೈಸೆ. ಸುಮ್ನೆ ಊಟ ಹಾಕಿದ ಹಾಗೇ ಆಯಿತು.

‘ಊಟ ಇಲ್ಲದೆ’ ಟಿಕೆಟ್ 300ರಲ್ಲೇ ಇದ್ದುದರಿಂದ ಅದಕ್ಕೆ ಈ ತಲೆನೋವು ಇರಲಿಲ್ಲ. ಸೀಟಿನ ಲೆಕ್ಕಕ್ಕೆ ಅಂತ ಮಾಡಿದ ಟಿಕೆಟ್ ತೆರಿಗೆಯಲ್ಲೂ ನಮ್ಮನ್ನು ಕಾಪಾಡಿತು. ನಾವು ಮೊದಲು ಯೋಚಿಸಿದ ಹಾಗೆ ‘ಪಾಪ, ತೊಂದರೆ ಆಗಿದೆ’ ಎಂದು ಎಲ್ಲರನ್ನೂ ಪುಕ್ಕಟೆಯಾಗಿ ಊಟದ ಟಿಕೆಟ್‌ಗೆ ಏರಿಸಿದ್ದರೆ ಏನಾಗುತ್ತಿತ್ತೋ!

ಭಾನುವಾರ

ಮಧ್ಯಾಹ್ನದ ಪ್ರದರ್ಶನ ಸಲೀಸಾಗಿ ನಡೆಯಿತು. ಸ್ಕ್ಯಾನ್ ಮಾಡುವ ಎರಡು ಫೋನ್‌ಗಳಲ್ಲಿ ಒಂದು ಆಫ್‌ಲೈನ್ ಇತ್ತು, ಶುಕ್ರವಾರದ ಪಟ್ಟಿಯನ್ನೇ ಇಟ್ಟುಕೊಂಡು ಕೂತಿತ್ತು. ಮೊದಲ ಮೂವರಿಗೆ ಕೆಂಪು ತೋರಿಸಿತು. ಸಿಂಕ್ ಮಾಡಿದ ಮೇಲೆ ಸರಿಹೋಯಿತು. ಮೈಸೂರಿನ ಯಜಮಾನರು ಅದೇ ಮಡಚಿದ ಪ್ರಿಂಟ್ ತಂದಿದ್ದರು. ಹಸಿರು ಬಂದರೂ ಅವರಿಗೆ ಸಮಾಧಾನ ಇಲ್ಲ. ‘ಇದರಲ್ಲಿ ಶನಿವಾರ ಅಂತಿದೆಯಲ್ಲಪ್ಪ, ಒಳಗೆ ಇನ್ಯಾರಾದ್ರೂ ಕೇಳಿದ್ರೆ?’ ಎಂದರು. ಪೆನ್ನಿನಲ್ಲಿ ‘ಶನಿವಾರ’ ಹೊಡೆದು ‘ಭಾನುವಾರ 3:30’ ಎಂದು ಬರೆದು ಸಹಿ ಹಾಕಿಕೊಟ್ಟೆ. ಆಮೇಲೆ ಒಳಗೆ ಹೋದರು.

ಸಂಜೆ ಹಾಗಾಗಲಿಲ್ಲ. ಹೊಸ ಕಾರ್ಯಕ್ರಮದಲ್ಲಿ ಹೊಸ ಕ್ಯೂಆರ್. 14 ಜನ ಶನಿವಾರದ ಹಳೆಯದನ್ನೇ ತಂದರು, ಎಲ್ಲ ಕೆಂಪು. ‘ಹೆಸರು ಹೇಳಿ ಮೇಡಂ’ ಎಂದು ಹುಡುಕಿದರೆ ಹೆಸರು ಸಿಗಲಿಲ್ಲ. ಯಾಕೆಂದರೆ ರಾತ್ರಿ ಆರ್ಡರ್‌ಗಳನ್ನು ಗಡಿಬಿಡಿಯಲ್ಲಿ ತುಂಬುವಾಗ ಒಂದು ಆರ್ಡರ್‌ನ ಎಲ್ಲ ಟಿಕೆಟ್‌ಗೂ ನಾನು ಬುಕ್ ಮಾಡಿದವರ ಹೆಸರನ್ನೇ ಹಾಕಿದ್ದೆ. ಐದು ಟಿಕೆಟ್, ಐದರ ಮೇಲೂ ಒಂದೇ ಹೆಸರು. ಬುಕ್ ಮಾಡಿದವರು ಇನ್ನೂ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸುತ್ತಿದ್ದಾರೆ, ಇವರು ಗೇಟಿನಲ್ಲಿ ನಿಂತಿದ್ದಾರೆ. ಶನಿವಾರ ಗೇಟಿನಲ್ಲಿ ಒಂಬತ್ತು ಜನರನ್ನು ನೋಡಿ ಕಲಿತದ್ದನ್ನು ಅದೇ ರಾತ್ರಿ ನಾನೇ ಮರೆತಿದ್ದೆ. ಕೊನೆಗೆ ಬಾಗಿಲಿನ ಹುಡುಗಿ ಪ್ರಶ್ನೆ ಬದಲಿಸಿದಳು: ‘ನಿಮಗೆ ಟಿಕೆಟ್ ಬುಕ್ ಮಾಡಿದ್ದು ಯಾರು?’ ಆಗ ಸಾಲು ಮುಂದೆ ಸರಿಯಿತು. ನಾಟಕ ಹತ್ತು ನಿಮಿಷ ತಡವಾಗಿ ಶುರುವಾಯಿತು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಶಿಸ್ತು ನೋಡಿ ಬೆಳೆದ ನಮ್ಮ ನಿರ್ದೇಶಕರ ಮುಖ ಆ ಹತ್ತು ನಿಮಿಷ ನೋಡುವ ಹಾಗಿರಲಿಲ್ಲ.

ಇನ್ನೊಂದು ಪೇಚು ಯಾರ ತಲೆಗೂ ಮೊದಲು ಹೊಳೆದಿರಲಿಲ್ಲ. ನಾಟಕ ಮುಗಿದ ಮೇಲೆ 106 ಜನ ಅಂಗಳಕ್ಕೆ ಊಟಕ್ಕೆ ಹೋಗುತ್ತಾರೆ. 41 ಜನ ಬಿಸಿಬೇಳೆಬಾತ್ ವಾಸನೆ ಕುಡಿಯುತ್ತಾ ಅದೇ ಅಂಗಳ ದಾಟಿ ಮನೆಗೆ ಹೋಗಬೇಕು. ಕೂಪನ್ ಇದ್ದವರಿಗೆ ಎಲೆ, ಇಲ್ಲದವರಿಗೆ ಇಲ್ಲ, ಲೆಕ್ಕ ಸರಿಯೇ. ಆದರೆ ಊಟದ ಹೊತ್ತಿಗೆ ಮನೆ ಮುಂದೆ ಹಾದುಹೋಗುವವರನ್ನು ಕರೆಯದೇ ಇರೋಕಾಗುತ್ತಾ? ಭಟ್ಟರೇ ದಾರಿ ತೋರಿಸಿದರು. ‘ಎಲೆ ಹಾಕಕ್ಕಾಗಲ್ಲ, ಪಾಯಸ ಜಾಸ್ತಿ ಮಾಡಿದೀನಿ, ಲೋಟದಲ್ಲಿ ಕೊಟ್ಬಿಡಿ.’ 41 ಜನರೂ ನಿಂತು ಪಾಯಸ ಕುಡಿದು ಹೋದರು. ಅದಕ್ಕೆ ಭಟ್ಟರು ದುಡ್ಡು ತಗೊಳ್ಳಲಿಲ್ಲ.

ಸೋಮವಾರದ ಲೆಕ್ಕ

186 ಜನರಲ್ಲಿ 94 ಮಧ್ಯಾಹ್ನಕ್ಕೆ ಹೋದರು, 41 ಸಂಜೆ ಊಟ ಇಲ್ಲದೆ, 18 ಊಟದ ಜೊತೆ. 33 ಜನ ಬರಲಿಲ್ಲ. ಪಾಸಿನ 14 ಜನರನ್ನು ಮಧ್ಯಾಹ್ನ ಹಿಂದಿನ ಸಾಲಿಗೆ ಹಾಕಿದೆವು, ಅದರ ಬಗ್ಗೆ ಇನ್ನೂ ಮಾತು ಕೇಳುತ್ತಿದ್ದೇನೆ. ಹಣ ವಾಪಸ್ ಮಾಡಿದರೂ ಗೇಟ್‌ವೇ ಮೊದಲು ಹಿಡಿದ ಫೀ ವಾಪಸ್ ಬರಲಿಲ್ಲ. ಒಬ್ಬರಿಗೆ 7 ರೂಪಾಯಿ ಚಿಲ್ಲರೆ, ನಮ್ಮ ಕೈಯಿಂದ. ಅದನ್ನು ಕಳೆದು ಜನರಿಗೆ ಕೊಡುವ ಮಾತೇ ಬರಲಿಲ್ಲ.

ಅದಾದ ಮೇಲೆ ಬುಕಿಂಗ್ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದ್ದೇವೆ: ‘ನೀವು ಬರುತ್ತಿಲ್ಲವಾದರೆ, ಬರುವವರಲ್ಲಿ ಒಬ್ಬರ ಫೋನ್ ನಂಬರ್.’ ಕಡ್ಡಾಯ ಮಾಡಿಲ್ಲ. ಬಹಳ ಜನ ತುಂಬುತ್ತಾರೆ, ವಿದೇಶದಿಂದ ಅಪ್ಪ-ಅಮ್ಮನಿಗೆ ಬುಕ್ ಮಾಡುವವರಂತೂ ತಪ್ಪದೇ ತುಂಬುತ್ತಾರೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಬಾರದ 33 ಜನರಲ್ಲಿ ಮೂವರು ‘ದುಡ್ಡು ಬೇಡ, ತಂಡಕ್ಕೆ ಇಟ್ಕೊಳ್ಳಿ’ ಎಂದಿದ್ದಾರೆ. ಒಟ್ಟು 900 ರೂಪಾಯಿ. ಟಿಕೆಟ್ ಅನ್ನೋಣ ಎಂದರೆ ಆ ನಾಟಕ ಆಗಲೇ ಇಲ್ಲ. ದೇಣಿಗೆ ಅನ್ನೋಣ ಎಂದರೆ ಅದಕ್ಕೆ ಬೇರೆ ರಸೀದಿ ಬೇಕು, ಆ ಮೂವರ ವಿಳಾಸ ನಮ್ಮ ಹತ್ತಿರ ಇಲ್ಲ. ಆಡಿಟರ್ ‘ಬರೆಸಿಕೊಂಡು ಬನ್ನಿ’ ಎಂದಿದ್ದಾರೆ. ಮೂವರಿಗೂ ಮೆಸೇಜ್ ಹಾಕಿದ್ದೇನೆ. ಒಬ್ಬರು ಉತ್ತರ ಕೊಟ್ಟಿದ್ದಾರೆ, ‘2’ ಎಂದು. ಈ ಸಲ ಆಯ್ಕೆಗಳನ್ನು ನಾನೇ ಮತ್ತೆ ಅಂಕಿಯಲ್ಲಿ ಕಳಿಸಿದ್ದೆ.